ಪ್ರಶಸ್ತಿಯೆಂಬ ಮಾತು : ಕನ್ನಡ ಚಲನಚಿತ್ರಗಳೂ ರಾಷ್ಟ್ರಪುರಸ್ಕಾರವೂ

'ಪ್ರಶಸ್ತಿ' ಎಂಬ ಶಬ್ದವನ್ನು ಇಂದು ನಾವು ಪದಕ, ಫಲಕ, ಹಣದ ಹಮ್ಮಿಣಿ ಇವುಗಳಿಗೆ ಹೆಸರಾಗಿ ಬಳಸುತ್ತಿದ್ದೇವೆ. ಶಬ್ದದ ಮೂಲಾರ್ಥ ಅದಲ್ಲ. 'ಶಂಸ್' ಎಂಬ ಧಾತುವಿಗೆ ಹೇಳು, ಹೊಗಳು ಎಂಬ ಅರ್ಥವಿದೆ. ಅದಕ್ಕೆ 'ಪ್ರ' ಎಂಬ ಉಪಸರ್ಗ ಸೇರಿ, ವಿಶೇಷವಾಗಿ ಕೊಂಡಾಡಿದ ಮಾತು ಪ್ರಶಸ್ತಿಯೆನಿಸಿತು. ಸಮುದ್ರಗುಪ್ತನನ್ನು ಕುರಿತು ಹರಿಷೇಣನು ರಚಿಸಿದ ಪ್ರಯಾಗದ ಸ್ತಂಭಶಾಸನ ಒಂದು ಪ್ರಶಸ್ತಿ. ನಮ್ಮ ಐಹೊಳೆಯ ಮೇಗುತಿ ಜಿನಾಲಯದ ಗೋಡೆಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಬರೆಸಿದ ಇಮ್ಮಡಿ ಪುಲಕೇಶಿಯ ಶಾಸನವೂ ಒಂದು ಪ್ರಶಸ್ತಿ. ಈ ಶಾಸನಗಳಲ್ಲಿ ಬರಿಯ ಹೊಗಳಿಕೆಯಿಲ್ಲ. ಇಂಥವನು, ಇಂಥ ಕಾರ್ಯವನ್ನು ಮಾಡಿದನು, ಆದುದರಿಂದ ಇವನು ಸ್ತುತ್ಯನು ಎಂಬ ಕ್ರಮವಿದೆ. ಅಂದರೆ ಹೊಗಳಿಕೆಗೆ ಕಾರಣವನ್ನು ಹೇಳುವ ಹೊಣೆಯೂ ಪ್ರಶಸ್ತಿಗೆ ಸೇರಿಯೇ ಇತ್ತು.

ಈ ಶಬ್ದವು ನಮ್ಮ ಕಾಲದಲ್ಲಿ ಅತ್ಯಂತ ಹೆಚ್ಚಾಗಿ ಕೇಳಿಬರುವುದು ಚಲನಚಿತ್ರರಂಗದಲ್ಲಿ. ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಪ್ರಶಸ್ತಿವಿಜೇತರ ಪಟ್ಟಿ ಪ್ರಕಟವಾಗುತ್ತದೆ. ಕನ್ನಡಕ್ಕೆ ಎಷ್ಟು ಬಂದವು ಎಂದು ಎಣಿಸುತ್ತೇವೆ. ನಾಲ್ಕು ದಿನ ಹಿಗ್ಗುತ್ತೇವೆ, ಅನಂತರ ಮರೆಯುತ್ತೇವೆ. ಈ ಪುರಸ್ಕಾರವೆಂದರೇನು, ಇದನ್ನು ಹೇಗೆ ನಿರ್ಣಯಿಸುತ್ತಾರೆ, ಕನ್ನಡಕ್ಕೆ ಇದು ಯಾವ ಮೂಲದಿಂದ ಬಂದಿತು ಎಂಬ ವಿಚಾರಗಳನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ವಿದ್ಯಾಭಿಮಾನಿಗಳಾದ ದಾನಿಗಳ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ. ಸಿನಿಮಾದ ಮಾತು ವಿದ್ಯಾಸಂಸ್ಥೆಯ ಸಂಚಿಕೆಯಲ್ಲೇಕೆ ಎಂಬ ಶಂಕೆ ಕೆಲವರಿಗಾದರೂ ತಲೆದೋರಬಹುದು. ಅದಕ್ಕೆ ಸಮಾಧಾನ ಲೇಖನದ ನಡುವಿನಲ್ಲಿಯೇ ದೊರೆಯುವುದೆಂದು ನಂಬಿದ್ದೇನೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಚಲನಚಿತ್ರವನ್ನು ಘನಕಲೆಯೆಂದು ಬಗೆಯುವವರು ವಿರಳ. 1949ರಲ್ಲಿ ಭಾರತ ಸರ್ಕಾರವು ಎಸ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಚಲನಚಿತ್ರ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. 1951ರಲ್ಲಿ ಅದರ ವರದಿ ಬಂದಿತು. ಚಿತ್ರರಂಗವನ್ನು ಪ್ರಭುತ್ವವು ಕೇವಲ ತೆರಿಗೆಯ ಮೂಲವೆಂದು ಕಾಣದೆ ಅದರ ಗುಣವರ್ಧನೆಗೂ ಗಮನ ಕೊಡಬೇಕೆಂಬ ಭಾವನೆ ಬಲಗೊಂಡ ಕಾಲವದು. 1953ರ ಚಿತ್ರಗಳನ್ನು ಪರಿಶೀಲಿಸಿ 1954ರಲ್ಲಿ ಮೊದಲ ಪುರಸ್ಕಾರಗಳನ್ನು ಕೊಡಲಾಯಿತು. ಆಗ ಇವಕ್ಕೆ 'ಸ್ಟೇಟ್ ಅವಾರ್ಡ್' ಎಂದು ಹೆಸರು. ಇಲ್ಲಿ 'ಸ್ಟೇಟ್' ಎಂದರೆ ಪ್ರಾಂತವೆಂದಲ್ಲ, ಪ್ರಭುತ್ವವೆಂದು ತಿಳಿಯಬೇಕು. ಹಳೆಯ ಬರಹಗಳಲ್ಲಿ 'ರಾಜ್ಯಪ್ರಶಸ್ತಿ' ಎಂದಿರುವುದನ್ನು ಓದಿ, ಮುಂದೆ ನಮ್ಮ ರಾಜ್ಯ ಸರ್ಕಾರವು ಸ್ಥಾಪಿಸಿದ ಪ್ರಶಸ್ತಿಯೊಡನೆ ಬೆರೆಸುವವರಿದ್ದಾರೆ. ಎರಡೂ ಬೇರೆ ಬೇರೆ.

ಮೊದಲ ವರ್ಷ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆದ ಕಥಾಚಿತ್ರ 'ಶ್ಯಾಮ್‌ಚಿ ಆಯಿ'. ಇದು ಮರಾಠಿ ಚಿತ್ರ, ಸಾನೆ ಗುರೂಜಿಯವರ ಪ್ರಸಿದ್ಧ ಪುಸ್ತಕವೇ ಇದಕ್ಕೆ ಆಧಾರ, ಆಚಾರ್ಯ ಪ್ರ.ಕೆ. ಅತ್ರೆಯವರು ನಿರ್ದೇಶಕರು. ಹೆಚ್ಚು ಹಣ, ಹೆಚ್ಚು ಮಾರುಕಟ್ಟೆಯುಳ್ಳ ಹಿಂದೀ ಚಿತ್ರಗಳೆದುರು ಒಂದು ಪ್ರಾಂತಭಾಷೆಯ ಚಿತ್ರ ಅಗ್ರಸ್ಥಾನ ಪಡೆದುದು ಶುಭಸೂಚನೆಯಾಯಿತು. 1955ರ ಚಿತ್ರಗಳಲ್ಲಿ ಅದೇ ಪದಕ ಬಂಗಾಳಿಯ 'ಪಥೇರ್ ಪಾಂಚಾಲಿ'ಗೆ ಸಂದಿತು. ಅದರ ಮೂಲವೂ ಒಂದು ಕಾದಂಬರಿ, ಬಿಭೂತಿಭೂಷಣ ಬಂದ್ಯೋಪಾಧ್ಯಾಯರದು. ಈ ಎರಡು ನಿದರ್ಶನಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಕನ್ನಡದ ಪ್ರಸ್ತಾಪದಲ್ಲಿ ಬೇಕಾಗುತ್ತವೆ.

ಎರಡನೆಯ ವರ್ಷದಿಂದ ಭಾಷಾವಾರು ಪುರಸ್ಕಾರಗಳು ಆರಂಭವಾದವು. ಕನ್ನಡದಲ್ಲಿ ಆ ಗೌರವವನ್ನು ಮೊದಲು ಪಡೆದುದು ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ, 1954ರ 'ಬೇಡರ ಕಣ್ಣಪ್ಪ'. ಅದಕ್ಕೆ ದೊರೆತದ್ದು ಪದಕವಲ್ಲ, ಅರ್ಹತಾಪತ್ರ. ರಾಜ್‌ಕುಮಾರ್ ಅವರು ನಾಯಕಪಾತ್ರದಲ್ಲಿ ಕಾಣಿಸಿಕೊಂಡ ಮೊದಲ ಚಿತ್ರವೂ ಅದೇ. ನಾಲ್ಕು ದಶಕಗಳ ಅನಂತರ, 1995ನೆಯ ವರ್ಷದ ದಾದಾಸಾಹೇಬ್ ಫಾಲ್ಕೆ ಪುರಸ್ಕಾರವು ಅವರಿಗೆ ಸಂದಿತು.

ಇಂಥ ಚಿತ್ರಗಳನ್ನು 'ಪ್ರಾದೇಶಿಕ' ಎಂದು ಕರೆಯುವ ರೂಢಿ ಬೆಳೆದಿದೆ. ಆ ಮಾತಿನಲ್ಲಿ ಸ್ವಲ್ಪ ತಾತ್ಸಾರದ ಧ್ವನಿಯೂ ಸೇರಿಕೊಂಡಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮವರಲ್ಲಿಯೂ ಇದೆಯಷ್ಟೆ. ವಿಚಾರಿಸಿ ನೋಡಿದರೆ ಪ್ರದೇಶವಿಲ್ಲದ ಕಲೆಯೇ ಇಲ್ಲ. ಮನುಷ್ಯನು ಯಾವುದೋ ಒಂದು ಊರಿನಲ್ಲಿ, ಯಾವುದೋ ಒಂದು ನುಡಿಯಲ್ಲಿಯೇ ಅಳುತ್ತಾನೆ, ನಗುತ್ತಾನೆ. ಆ ಅಳುನಗೆಗಳನ್ನು ಪರಭಾಷಿಕನಿಗೂ ಮುಟ್ಟಿಸಬಲ್ಲ ಕೃತಿ ತನ್ನ ಪ್ರದೇಶವನ್ನು ಬಿಡದೆಯೇ ದೇಶದ್ದಾಗುತ್ತದೆ. ಭಾಷಾವಾರು ಪುರಸ್ಕಾರದ ಸಾರ್ಥಕ್ಯ ಇರುವುದು ಇಲ್ಲಿ.

ಇನ್ನು ನಿರ್ಣಯದ ಕ್ರಮವನ್ನು ನೋಡೋಣ. ಚಿತ್ರವು ಆಯಾ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಮಂಡಲಿಯ ಪ್ರಮಾಣಪತ್ರವನ್ನು ಪಡೆದಿರಬೇಕು. ಆದುದರಿಂದ ಪ್ರಶಸ್ತಿಯ ವರ್ಷವೆಂದರೆ ಪ್ರಮಾಣಪತ್ರದ ವರ್ಷ. ಚಿತ್ರಮಂದಿರಕ್ಕೆ ಬಂದ ವರ್ಷವೂ ಅಲ್ಲ, ಸಮಾರಂಭ ನಡೆದ ವರ್ಷವೂ ಅಲ್ಲ. ನಿರ್ಮಾಪಕನು ಅರ್ಜಿ ಸಲ್ಲಿಸಬೇಕು; ತಾನಾಗಿ ಯಾರೂ ಕರೆದು ಕೊಡುವುದಿಲ್ಲ. 2009ರ ಚಿತ್ರಗಳಿಂದೀಚೆಗೆ ಪರಿಶೀಲನೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಐದು ಪ್ರಾದೇಶಿಕ ಮಂಡಲಿಗಳು ಚಿತ್ರಗಳನ್ನು ನೋಡಿ ಯೋಗ್ಯವಾದುವನ್ನು ಆರಿಸುತ್ತವೆ. ದಕ್ಷಿಣದ ಭಾಷೆಗಳಿಗೆ ಅವುಗಳಲ್ಲಿ ಎರಡು. ಅನಂತರ ಕೇಂದ್ರ ಮಂಡಲಿಯು ಅಂತಿಮ ನಿರ್ಣಯ ಮಾಡುತ್ತದೆ. ಕಥಾಚಿತ್ರಗಳಿಗೆ ಒಂದು ವಿಭಾಗ, ಸಾಕ್ಷ್ಯಚಿತ್ರ ಕಿರುಚಿತ್ರಾದಿ ಕಥೇತರ ಚಿತ್ರಗಳಿಗೆ ಇನ್ನೊಂದು, ಸಿನಿಮಾ ಕುರಿತ ಬರವಣಿಗೆಗೆ ಮತ್ತೊಂದು. ಯೋಗ್ಯವಾದುದು ಇಲ್ಲವೆಂದು ಕಂಡರೆ ಪ್ರಶಸ್ತಿಯನ್ನು ಕೊಡದೆ ತಡೆಯುವ ಅಧಿಕಾರವೂ ಮಂಡಲಿಗೆ ಉಂಟು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ ಆಗದಿರಬೇಕಾದರೆ ನೋಡುವವರಲ್ಲಿ ತಾಳ್ಮೆಯೂ ಪರಿಶ್ರಮವೂ ಇರಬೇಕು. ನಮ್ಮ ಅಲಂಕಾರಿಕರು ಕಾವ್ಯವನ್ನು ಓದಿ ಓದಿ ಕನ್ನಡಿಯಂತೆ ಶುಭ್ರವಾದ ಮನಸ್ಸುಳ್ಳವನನ್ನು 'ಸಹೃದಯ' ಎಂದರು. ತೀರ್ಪುಗಾರನಿಗೆ ಬೇಕಾದ ಲಕ್ಷಣ ಅದೇ.

ಇಲ್ಲೊಂದು ತೊಡಕಿದೆ. ಕೇಂದ್ರ ಮಂಡಲಿಯಲ್ಲಿ ಕನ್ನಡ ಬಲ್ಲವರು ಒಬ್ಬಿಬ್ಬರಿದ್ದರೆ ಹೆಚ್ಚು. ಉಳಿದವರು ತೆರೆಯ ಕೆಳಗಡೆ ಇಂಗ್ಲಿಷಿನಲ್ಲಿ ಮೂಡುವ ಉಪಶೀರ್ಷಿಕೆಗಳನ್ನು ಓದಿ ತಿಳಿಯಬೇಕು. ಕುಂದಾಪುರದ ಕನ್ನಡ, ಮಂಡ್ಯದ ಕನ್ನಡ, ಬಾಗಲಕೋಟೆಯ ಕನ್ನಡ ಇವೆಲ್ಲ ಆ ಒಂದು ಸಾಲಿನಲ್ಲಿ ಒಂದೇ ಆಗಿಬಿಡುತ್ತವೆ. ಒಂದು ಬೈಗುಳದ ಸೊಗಸು, ಒಂದು 'ಅವ್ವಾ' ಎಂಬ ಕರೆಯ ಆರ್ತತೆ ಅಲ್ಲಿ ಉಳಿಯುವುದಿಲ್ಲ. ಆದುದರಿಂದ ಪ್ರಾಂತಭಾಷೆಯ ಚಿತ್ರವು ಮಾತಿನಾಚೆಗೂ ಮಾತನಾಡಬೇಕಾಗುತ್ತದೆ. 'ಚೋಮನ ದುಡಿ'ಯಲ್ಲಿ ಚೋಮನು ಬಾರಿಸುವ ದುಡಿಗೆ ಉಪಶೀರ್ಷಿಕೆ ಬೇಕಿಲ್ಲ. ತನ್ನದೆಂಬ ಒಂದು ತುಂಡು ನೆಲವನ್ನು ಉಳಬೇಕೆಂಬ ಆಸೆ ಕೈಗೂಡದವನ ಎದೆಯ ಬಡಿತವದು. ಕನ್ನಡದ ಒಂದಕ್ಷರ ಬಾರದವನಿಗೂ ಅರ್ಥವಾಗುತ್ತದೆ.

ಈಗ ಲೇಖನದ ಮುಖ್ಯ ವಿಷಯಕ್ಕೆ ಬರೋಣ. 1970ರ ದಶಕದ ಆರಂಭದಲ್ಲಿ ಪದಕಗಳಿಗೆ ಸ್ವರ್ಣಕಮಲ, ರಜತಕಮಲ ಎಂಬ ಹೆಸರುಗಳು ಬಂದವು. 2023ರ ಚಿತ್ರಗಳವರೆಗಿನ ಲೆಕ್ಕದಲ್ಲಿ, ದೇಶದ ಅತ್ಯುತ್ತಮ ಕಥಾಚಿತ್ರವೆಂಬ ಅಗ್ರಪುರಸ್ಕಾರವು ಕನ್ನಡಕ್ಕೆ ಆರು ಸಲ ಬಂದಿದೆ : 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿ ಸಾಹೇಬ' (1997) ಮತ್ತು 'ದ್ವೀಪ' (2001). ಮೊದಲನೆಯದನ್ನು ಪಟ್ಟಾಭಿರಾಮ ರೆಡ್ಡಿಯವರೂ ಎರಡನೆಯದನ್ನು ಬಿ.ವಿ. ಕಾರಂತರೂ ಉಳಿದ ನಾಲ್ಕನ್ನು ಗಿರೀಶ್ ಕಾಸರವಳ್ಳಿಯವರೂ ನಿರ್ದೇಶಿಸಿದರು.

ಈ ಆರರ ಮೂಲವನ್ನು ಹುಡುಕಿದರೆ ಕನ್ನಡ ಅಧ್ಯಾಪಕನಾದವನಿಗೆ ರೋಮಾಂಚನವಾಗುತ್ತದೆ. 'ಸಂಸ್ಕಾರ' ಯು.ಆರ್. ಅನಂತಮೂರ್ತಿಯವರ ಕಾದಂಬರಿ. 'ಚೋಮನ ದುಡಿ' ಶಿವರಾಮ ಕಾರಂತರದು. 'ಘಟಶ್ರಾದ್ಧ' ಮತ್ತೆ ಅನಂತಮೂರ್ತಿಯವರ ಕಥೆ. 'ತಬರನ ಕಥೆ' ಪೂರ್ಣಚಂದ್ರ ತೇಜಸ್ವಿಯವರದು. 'ತಾಯಿ ಸಾಹೇಬ' ರಂ.ಶಾ. ಲೋಕಾಪುರರ ಕಾದಂಬರಿ, 'ದ್ವೀಪ' ನಾ. ಡಿಸೋಜರ ಕಾದಂಬರಿ. ಆರಕ್ಕೆ ಆರೂ ಪುಸ್ತಕದಿಂದ ಎದ್ದು ಬಂದವು. ಒಂದಾದರೂ ತೆರೆಗೆಂದೇ ಹೊಸೆದ ಕಥೆಯಲ್ಲ. ಶ್ರೇಷ್ಠ ಅಭಿನಯಕ್ಕಾಗಿ ಕನ್ನಡ ಚಿತ್ರಗಳಿಂದ ರಾಷ್ಟ್ರಪುರಸ್ಕಾರ ಪಡೆದ ನಟಿಯರನ್ನು ನೋಡಿದರೂ ಇದೇ ಮಾತು. 'ಕಾಡು' (1973) ಚಿತ್ರಕ್ಕಾಗಿ ನಂದಿನಿ ಭಕ್ತವತ್ಸಲ ಅವರಿಗೆ ಪ್ರಶಸ್ತಿ ಬಂದಿತು. ಮೂಲ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. 'ಹಸೀನಾ' (2004) ಚಿತ್ರಕ್ಕಾಗಿ ತಾರಾ ಅವರಿಗೆ ಬಂದಿತು. ಮೂಲ ಬಾನು ಮುಷ್ತಾಕ್ ಅವರ ಕಥೆ. 'ಗುಲಾಬಿ ಟಾಕೀಸ್' (2008) ಚಿತ್ರಕ್ಕಾಗಿ ಉಮಾಶ್ರೀಯವರಿಗೆ ಬಂದಿತು. ಮೂಲ ವೈದೇಹಿಯವರ ಕಥೆ. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆತಾಗ ನಾಡೆಲ್ಲ ಸಂಭ್ರಮಿಸಿತು. ಆ ಲೇಖಕಿಯ ಕಥೆಯನ್ನು ಎರಡು ದಶಕಗಳ ಹಿಂದೆಯೇ ಕನ್ನಡ ಚಿತ್ರವೊಂದು ಗುರುತಿಸಿತ್ತು ಎಂಬುದನ್ನು ನೆನೆದವರು ಕಡಿಮೆ.

ಇದರ ಅರ್ಥ ಸ್ಪಷ್ಟ. ದೆಹಲಿಯ ಸಭಾಂಗಣದಲ್ಲಿ ಅರಳಿದ ಕಮಲದ ಬೇರು ಕನ್ನಡ ಓದುಗನ ಮನೆಯಲ್ಲಿತ್ತು. 'ಚೋಮನ ದುಡಿ' ಕಾದಂಬರಿಯಾಗಿ ಅಚ್ಚಾದುದು 1933ರಲ್ಲಿ, ಚಿತ್ರವಾದುದು 1975ರಲ್ಲಿ. ನಡುವಣ ನಾಲ್ವತ್ತೆರಡು ವರ್ಷ ಆ ಕಥೆಯನ್ನು ಕಾಪಾಡಿದವರಾರು? ಅದನ್ನು ಕೊಂಡು ಓದಿದವರು, ಗ್ರಂಥಾಲಯದಲ್ಲಿಟ್ಟವರು, ತರಗತಿಯಲ್ಲಿ ಅದರ ಸೊಬಗನ್ನು ಹೇಳಿದ ಉಪಾಧ್ಯಾಯರು. ಸಿನಿಮಾದ ಮಾತು ಶಾಲೆಯ ಸಂಚಿಕೆಯಲ್ಲೇಕೆ ಎಂಬ ಶಂಕೆಗೆ ಇದೇ ಸಮಾಧಾನ.

ಹೀಗೆಂದ ಮಾತ್ರಕ್ಕೆ ಅಚ್ಚಾದ ಪುಸ್ತಕವೊಂದೇ ಮೂಲವೆಂದು ಹಟ ಹಿಡಿಯಬೇಕಾಗಿಲ್ಲ. 2022ರ ಚಿತ್ರಗಳ ಪುರಸ್ಕಾರವನ್ನು 2024ರ ಅಕ್ಟೋಬರ್ 8ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ವಿಜ್ಞಾನ ಭವನದಲ್ಲಿ ಪ್ರದಾನ ಮಾಡಿದಾಗ ರಿಷಬ್ ಶೆಟ್ಟಿಯವರು 'ಕಾಂತಾರ'ದ ಅಭಿನಯಕ್ಕಾಗಿ ಶ್ರೇಷ್ಠ ನಟರೆನಿಸಿದರು. ಆ ಚಿತ್ರದ ಜೀವಾಳ ಕರಾವಳಿಯ ದೈವಾರಾಧನೆ. ಅದು ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ಹರಿದು ಬಂದ ಸಾಹಿತ್ಯ. ಪಾಡ್ದನವನ್ನು ನೆನಪಿಟ್ಟ ಅಜ್ಜಿಯೂ ಒಂದು ಗ್ರಂಥಾಲಯವೇ ಸರಿ.

ಪುರಸ್ಕೃತ ಚಿತ್ರಗಳ ವಸ್ತುವನ್ನು ಗಮನಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ತಬರನು ಒಬ್ಬ ಕೆಳದರ್ಜೆಯ ಸರ್ಕಾರಿ ನೌಕರ. ನಿವೃತ್ತನಾದ ಮೇಲೆ ತನಗೆ ಬರಬೇಕಾದ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಇತ್ತ ಹೆಂಡತಿ ಕಾಯಿಲೆಯಿಂದ ನರಳುತ್ತಾಳೆ, ಕಡತ ಕದಲುವುದಿಲ್ಲ. ಸರ್ಕಾರದ ಕಚೇರಿಯ ಕಲ್ಲುಮನಸ್ಸನ್ನು ತೋರಿಸಿದ ಈ ಚಿತ್ರಕ್ಕೆ ಸರ್ಕಾರವೇ ಸ್ವರ್ಣಕಮಲವನ್ನಿತ್ತಿತು. ತಬರನಾದ ಚಾರುಹಾಸನ್ ಅವರಿಗೂ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. 'ದ್ವೀಪ'ವು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮನೆಮಾರುಗಳ ಕಥೆ. ನಟಿ ಸೌಂದರ್ಯ ಅವರೇ ಅದರ ನಿರ್ಮಾಪಕಿ. 'ಸಂಸ್ಕಾರ'ಕ್ಕೆ ಮದ್ರಾಸಿನ ಸೆನ್ಸಾರ್ ಅಧಿಕಾರಿಗಳು ಮೊದಲು ಅನುಮತಿಯನ್ನೇ ನಿರಾಕರಿಸಿದ್ದರು. ಅದೇ ಚಿತ್ರ ಮುಂದೆ ರಾಷ್ಟ್ರಪತಿಗಳ ಸ್ವರ್ಣಪದಕಕ್ಕೆ ಪಾತ್ರವಾಯಿತು. ಪ್ರಾಚೀನ ಪ್ರಶಸ್ತಿಯು ಅರಸನನ್ನು ಕವಿ ಹೊಗಳಿದ ಮಾತು. ಇಲ್ಲಿ ಕವಿಯನ್ನು, ಅದೂ ತನ್ನ ತಪ್ಪನ್ನು ಎತ್ತಿ ತೋರಿಸಿದ ಕವಿಯನ್ನು, ಪ್ರಭುತ್ವವು ಹೊಗಳಿತು. ಪ್ರಜಾಪ್ರಭುತ್ವದ ಘನತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ.

ಸಮಾರಂಭದ ವಿಧಿ ಸರಳವಾದುದು. ವಿಜೇತರ ಹೆಸರು ಮೊದಲೇ ಪ್ರಕಟವಾಗಿರುವುದರಿಂದ ಲಕೋಟೆ ಒಡೆಯುವ ಕೌತುಕವಿಲ್ಲ. ಹೆಸರು ಕರೆದಾಗ ವಿಜೇತನು ವೇದಿಕೆಗೆ ಬಂದು ಪದಕವನ್ನೂ ಪ್ರಶಸ್ತಿಪತ್ರವನ್ನೂ ಸ್ವೀಕರಿಸುತ್ತಾನೆ. 2024ರಲ್ಲಿ ಪ್ರದಾನವಾದ ಪುರಸ್ಕಾರಗಳಿಂದ ಸ್ವರ್ಣಕಮಲಕ್ಕೆ 3 ಲಕ್ಷ, ರಜತಕಮಲಕ್ಕೆ 2 ಲಕ್ಷ ರೂಪಾಯಿಗಳ ಮೊತ್ತ ನಿಗದಿಯಾಗಿದೆ. ಒಂದು ಚಿತ್ರದ ವೆಚ್ಚದ ಮುಂದೆ ಈ ಹಣ ಅಲ್ಪ. ಹಾಗಾದರೆ ವಿಜೇತನು ಕಾತರಿಸುವುದು ಯಾವುದಕ್ಕೆ? ಕೊಡುವ ಕೈಗೆ. 2018ರ ಮೇ 3ರ ಸಮಾರಂಭದಲ್ಲಿ ರಾಷ್ಟ್ರಪತಿಗಳು ಹನ್ನೊಂದು ಪುರಸ್ಕಾರಗಳನ್ನು ಮಾತ್ರ ತಾವೇ ಕೊಟ್ಟು, ಮಿಕ್ಕವನ್ನು ಸಚಿವರು ಕೊಡುವರೆಂದು ತಿಳಿದಾಗ ಐವತ್ತಕ್ಕೂ ಹೆಚ್ಚು ಮಂದಿ ಸಮಾರಂಭಕ್ಕೆ ಬರಲಿಲ್ಲ. ಅದನ್ನು ಬರಿಯ ಅಭಿಮಾನವೆಂದು ತಳ್ಳಿಹಾಕಲಾಗದು. ಒಂದು ವರ್ಷ ಧ್ವನಿಮುದ್ರಣದ ಕೊಠಡಿಯಲ್ಲೋ ಸಂಕಲನದ ಮೇಜಿನ ಮುಂದೆಯೋ ಕಣ್ಮರೆಯಾಗಿ ದುಡಿದವನಿಗೆ, ದೇಶದ ಪ್ರಥಮ ಪ್ರಜೆಯ ಎದುರು ನಿಲ್ಲುವ ಆ ಅರೆನಿಮಿಷವೇ ಪ್ರಶಸ್ತಿ. ಮಾನ ಕೊಡುವುದಾದರೆ ಮಾನವಾಗಿ ಕೊಡಬೇಕು.

ಕೊಡುವ ರೀತಿಯಂತೆ ಕೊಡುವ ಕಾಲವೂ ಮುಖ್ಯ. ನಮ್ಮ ರಾಜ್ಯ ಸರ್ಕಾರದ 2019ನೆಯ ವರ್ಷದ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದುದು 2025ರ ಜನವರಿಯಲ್ಲಿ. ಇಷ್ಟು ತಡವಾದರೆ ಚಿತ್ರವನ್ನು ಪ್ರೇಕ್ಷಕರು ಮರೆತಿರುತ್ತಾರೆ. ದುಡಿದವರಲ್ಲಿ ಕೆಲವರು ಇಲ್ಲವಾಗಿರಲೂಬಹುದು. ಬೆಳೆ ಒಣಗಿದ ಮೇಲೆ ಬಂದ ಮಳೆಗೆ ಕೈಮುಗಿಯಬಹುದೇ ಹೊರತು ಅದರಿಂದ ಕಾಳು ಸಿಕ್ಕದು.

ಇವೆಲ್ಲಕ್ಕಿಂತ ಗಂಭೀರವಾದ ಚಿಂತೆ ಬೇರೊಂದಿದೆ. ಪ್ರಶಸ್ತಿ ಪಡೆದ ಚಿತ್ರಗಳನ್ನು ಎಷ್ಟು ಮಂದಿ ನೋಡಿದ್ದಾರೆ? ಚಿತ್ರಮಂದಿರಗಳು ಇಂಥವನ್ನು ಬಹುಕಾಲ ನಡೆಸಲೊಲ್ಲವು. 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನವು ಭಾನುವಾರ ಮಧ್ಯಾಹ್ನ ಭಾರತೀಯ ಭಾಷೆಗಳ ಚಿತ್ರಗಳನ್ನು ತೋರಿಸುತ್ತಿತ್ತು. ವಿದ್ಯಾರ್ಥಿನಿಲಯದ ಒಂದೇ ಪೆಟ್ಟಿಗೆಯ ಮುಂದೆ ಇಡೀ ನಿಲಯ ಕುಳಿತಿದ್ದುದನ್ನು ಆ ಕಾಲದ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಇಂದು ಪ್ರತಿಯೊಬ್ಬನ ಅಂಗೈಯಲ್ಲೂ ತೆರೆಯಿದೆ; ಆದರೆ ಒಟ್ಟಿಗೆ ಕುಳಿತು ನೋಡಿ, ಎದ್ದ ಮೇಲೆ ಚರ್ಚಿಸುವ ಆ ಪೆಟ್ಟಿಗೆಯಿಲ್ಲ.

ನೋಡುವವರಿಲ್ಲದ ಚಿತ್ರವನ್ನು ಕಾಪಾಡುವವರೂ ಇರುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡಿತು. ಅದರ ಒಂದು ಪ್ರತಿಯೂ ಉಳಿದಿಲ್ಲ. ಐಹೊಳೆಯ ಪ್ರಶಸ್ತಿಗೆ ಸುಮಾರು ಸಾವಿರದ ನಾನೂರು ವರ್ಷ. ಅದನ್ನು ಇಂದಿಗೂ ಗೋಡೆಯ ಮೇಲೆ ಓದಬಹುದು. ನಮ್ಮ ಮೊದಲ ವಾಕ್ಚಿತ್ರಕ್ಕೆ ನೂರು ವರ್ಷವೂ ತುಂಬಿಲ್ಲ; ಆಗಲೇ ಹೆಸರು ಮಾತ್ರ ಉಳಿದಿದೆ. ಕಲ್ಲು ತಾಳಿಕೊಂಡಂತೆ ಫಿಲ್ಮಿನ ಸುರುಳಿ ತಾಳದು. ಉಷ್ಣ, ತೇವ, ಧೂಳು ಅದರ ವೈರಿಗಳು. ಸಂತೋಷದ ಒಂದು ಸಂಗತಿಯೂ ಇದೆ. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆಯು ವಿದೇಶದ ಸಂಸ್ಥೆಗಳೊಡನೆ ಸೇರಿ ಅದನ್ನು ಜೀರ್ಣೋದ್ಧಾರ ಮಾಡಿಸಿತು. 2024ರ ವೆನಿಸ್ ಚಿತ್ರೋತ್ಸವದಲ್ಲಿ, ಅಂದರೆ ಚಿತ್ರ ತಯಾರಾಗಿ ನಾಲ್ವತ್ತೇಳು ವರ್ಷಗಳ ಮೇಲೆ, ಅದು ಮತ್ತೆ ತೆರೆಯ ಮೇಲೆ ಬೆಳಗಿತು. ಗುಡಿಯ ಜೀರ್ಣೋದ್ಧಾರದಷ್ಟೇ ಪುಣ್ಯಕರವಾದ ಕಾರ್ಯವಿದು.

ಪ್ರಶಸ್ತಿಯು ಉಳಿದು ಕೃತಿಯು ಅಳಿದರೆ ಆ ಹೊಗಳಿಕೆಯಿಂದ ಪ್ರಯೋಜನವೇನು? ಹೊಗಳಿದ್ದನ್ನು ಕಾಪಾಡಬೇಕು, ಕಾಪಾಡಿದ್ದನ್ನು ಕಾಣಿಸಬೇಕು, ಕಂಡದ್ದನ್ನು ಓದಿನೊಡನೆ ಕೂಡಿಸಬೇಕು. ಆಗ ಮಾತ್ರ ಪ್ರಶಸ್ತಿಯೆಂಬ ಶಬ್ದ ಪೂರ್ಣಾರ್ಥವನ್ನು ಪಡೆಯುತ್ತದೆ. ಸರ್ಕಾರ ಮಾಡಬೇಕಾದುದನ್ನು ಸರ್ಕಾರ ಮಾಡಲಿ. ವಿದ್ಯಾಶಾಲೆ ಮಾಡಬಹುದಾದುದು ಸಣ್ಣದಲ್ಲ. ವರ್ಷಕ್ಕೆ ಒಂದೇ ಒಂದು ಕಥೆಯನ್ನು ಹಿರಿಯ ತರಗತಿಯ ಮಕ್ಕಳು ಮೊದಲು ಪುಸ್ತಕದಲ್ಲಿ ಓದಲಿ. ಅನಂತರ ಆ ಕಥೆಯ ಚಿತ್ರವನ್ನು, ಹಕ್ಕುದಾರರ ಅನುಮತಿ ಪಡೆದು, ಅಧ್ಯಾಪಕರೊಡನೆ ಕುಳಿತು ನೋಡಲಿ. ಲೇಖಕನು ಎಲ್ಲಿ ಮಾತನಾಡಿದ್ದಾನೆ, ನಿರ್ದೇಶಕನು ಎಲ್ಲಿ ಮೌನವಾಗಿದ್ದಾನೆ ಎಂದು ತಮ್ಮ ಮಾತಿನಲ್ಲಿ ಒಂದು ಪುಟ ಬರೆಯಲಿ. 'ತಬರನ ಕಥೆ'ಯಿಂದಲೇ ಮೊದಲು ಮಾಡಬಹುದು. ಅದು ಓದಲು ಕಷ್ಟವಾದುದಲ್ಲ, ಮರೆಯಲು ಮಾತ್ರ ಕಷ್ಟ.

ದತ್ತಿ ಬಹುಮಾನಗಳನ್ನು ಸ್ಥಾಪಿಸಿರುವ ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ನಮ್ಮ ಶಾಲೆಗಳ ಬಹುಮಾನ ವಿತರಣೆಯಲ್ಲಿ ಹೆಸರನ್ನೂ ಅಂಕವನ್ನೂ ಓದುತ್ತೇವೆ. ಮಗು ಓಡಿಬಂದು ಪುಸ್ತಕ ತೆಗೆದುಕೊಂಡು ಓಡಿಹೋಗುತ್ತದೆ. ಅಂಕದ ಜೊತೆಗೆ ಎರಡು ವಾಕ್ಯಗಳನ್ನು ಓದಿಸಿರಿ : ಈ ಮಗು ಇಂಥದನ್ನು ಮಾಡಿತು, ಇಂಥ ಕಾರಣದಿಂದ ನಾವು ಇದನ್ನು ಮೆಚ್ಚಿದೆವು. ಪದಕ ಎಲ್ಲಿಯೋ ಕಳೆದುಹೋಗಬಹುದು. ತನ್ನ ಕೆಲಸವನ್ನು ಹಿರಿಯರು ಕಣ್ಣಿಟ್ಟು ನೋಡಿದರು ಎಂಬ ಆ ಎರಡು ವಾಕ್ಯಗಳನ್ನು ಮಗು ಮರೆಯದು. ರವಿಕೀರ್ತಿಯ ಕಾಲದಲ್ಲಿ ಪ್ರಶಸ್ತಿಯೆಂದರೆ ಅದೇ ಆಗಿತ್ತು.